ಬರಹಗಾರರಿಗೆ ಸಲಹೆ: ಫ್ರಿಜ್ ಅಂಗಡಿಯಿಂದ ಶುರು ಮಾಡಿ

ಪ್ರಿಯರೇ,

‘ಶುದ್ಧ ತಂತ್ರಜ್ಞಾನ: ಬಡ ದೇಶಗಳ ಹಕ್ಕು’ ಎಂಬ ನಿಮ್ಮ ಲೇಖನ ತಲುಪಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ನಿಮ್ಮ ಕಾಳಜಿ ನಿಜವಾದದ್ದು, ಭಾಷೆ ಅಚ್ಚುಕಟ್ಟಾಗಿದೆ, ಓದಿಕೊಂಡು ಬರೆದಿದ್ದೀರಿ ಎಂಬುದೂ ಕಾಣುತ್ತದೆ. ಹಾಗಿದ್ದೂ ಏಕೆ ಬೇಡವೆನ್ನುತ್ತಿದ್ದೇನೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಈ ಲೇಖನದ ಒಳಗೆ ಇನ್ನೊಂದು ಲೇಖನ ಅಡಗಿದೆ, ನಮಗೆ ಬೇಕಾದದ್ದು ಅದು.

ಮೊದಲ ನಾಲ್ಕು ಪುಟಗಳಲ್ಲಿ ನೀವು ರಿಯೊ, ಕ್ಯೋಟೊ, ಕೋಪನ್‌ಹೇಗನ್, ಪ್ಯಾರಿಸ್, ಬಾಕು ಎಂದು ಹವಾಮಾನ ಸಮ್ಮೇಳನದಿಂದ ಸಮ್ಮೇಳನಕ್ಕೆ ಸಾಗುತ್ತೀರಿ. 2009ರಲ್ಲಿ ಬಡ ದೇಶಗಳಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುವ ಭರವಸೆ ಸಿಕ್ಕಿತು, 2024ರಲ್ಲಿ ಅದು 2035ರ ಹೊತ್ತಿಗೆ ವರ್ಷಕ್ಕೆ 30,000 ಕೋಟಿ ಡಾಲರ್ ಆಗಬೇಕೆಂದು ತೀರ್ಮಾನವಾಯಿತು ಎನ್ನುತ್ತೀರಿ. ಅಂಕಿಗಳು ಸರಿಯಾಗಿಯೇ ಇವೆ. ಆದರೆ ಯಾವ ಊರಿನ ಯಾವ ಕಾರ್ಖಾನೆಯಲ್ಲಿ ಏನು ಬದಲಾಯಿತು ಎಂಬುದು ಒಂದು ಕಡೆಯೂ ಇಲ್ಲ. ‘ತಂತ್ರಜ್ಞಾನವನ್ನು ವರ್ಗಾಯಿಸಬೇಕಾಗಿದೆ’, ‘ನೆರವು ಒದಗಿಸಲಾಗುವುದು’, ‘ಸಹಕಾರವನ್ನು ಬಲಪಡಿಸಲಾಯಿತು’ ಎಂಬಂಥ ವಾಕ್ಯಗಳೇ ತುಂಬಿವೆ. ಯಾರು ವರ್ಗಾಯಿಸಬೇಕು? ಯಾರು ಒದಗಿಸುತ್ತಾರೆ? ಸುತ್ತೋಲೆಯಲ್ಲಿ ಕರ್ತೃ ಇಲ್ಲದೆ ನಡೆಯುತ್ತದೆ, ನಿಮ್ಮ ಲೇಖನದಲ್ಲಿ ನಡೆಯುವುದಿಲ್ಲ. ಈ ವಿಷಯದ ಇಡೀ ಜಗಳವೇ ‘ಯಾರು’ ಎಂಬುದರ ಮೇಲೆ ನಿಂತಿದೆ. ದುಡ್ಡು ಯಾರದು, ಪೇಟೆಂಟ್ ಯಾರ ಹೆಸರಿನಲ್ಲಿದೆ, ತಯಾರಿಸುವ ಅನುಮತಿ ಯಾರಿಗೆ ಸಿಗುತ್ತದೆ, ಕೆಟ್ಟು ಕೂತರೆ ಬಿಚ್ಚಿ ನೋಡಬಲ್ಲವರು ಯಾರು?

ಐದನೆಯ ಪುಟದಲ್ಲಿ ಮಾತ್ರ, ಬಹುಶಃ ನಿಮಗೇ ಗೊತ್ತಿಲ್ಲದಂತೆ, ಒಂದು ಜೀವಂತ ವಾಕ್ಯ ಬಂದಿದೆ: ‘ನನ್ನ ಸೋದರಮಾವ ಬಹಳ ವರ್ಷಗಳಿಂದ ಫ್ರಿಜ್ ರಿಪೇರಿ ಮಾಡುತ್ತಿದ್ದಾರೆ, ಹೊಸ ಗ್ಯಾಸಿನ ಫ್ರಿಜ್ ಬಂದರೆ ಮುಟ್ಟದೆ ಬೇರೆಯವರ ಹತ್ತಿರ ಕಳುಹಿಸುತ್ತಾರೆ.’ ಮರುವಾಕ್ಯದಲ್ಲೇ ನೀವು ಪ್ಯಾರಿಸ್‌ಗೆ ಹೊರಟುಬಿಟ್ಟಿರಿ! ನೀವು ಅಲ್ಲೇ ನಿಲ್ಲಬೇಕಿತ್ತು. ಶುದ್ಧ ತಂತ್ರಜ್ಞಾನವನ್ನು ದೇಶದೇಶಗಳು ನಿಜವಾಗಿ ಹಂಚಿಕೊಂಡ ಕಥೆ ಒಂದಿದ್ದರೆ ಅದು ಫ್ರಿಜ್ಜಿನದು, ನಿಮ್ಮ ಮಾವನವರು ಅದರ ಕೊನೆಯ ಅಧ್ಯಾಯದಲ್ಲಿದ್ದಾರೆ.

ಫ್ರಿಜ್ಜಿನಲ್ಲಿ ತುಂಬುತ್ತಿದ್ದ, ಓಝೋನ್ ಪದರವನ್ನು ತಿನ್ನುವ ಸಿಎಫ್‌ಸಿ ಅನಿಲಗಳನ್ನು ನಿಲ್ಲಿಸಲು 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತ, ಚೀನಾ ಎರಡೂ ಅದರಿಂದ ಹೊರಗುಳಿದವು. ಆ ಅನಿಲಗಳನ್ನು ದಶಕಗಟ್ಟಲೆ ಗಾಳಿಗೆ ಬಿಟ್ಟವರು ಶ್ರೀಮಂತ ದೇಶಗಳವರು, ಈಗ ಬದಲಿ ಅನಿಲವನ್ನು ದುಬಾರಿ ಬೆಲೆಗೆ ಕೊಳ್ಳಬೇಕಾದವರು ನಾವು, ಇದು ಯಾವ ನ್ಯಾಯ ಎಂಬುದು ನಮ್ಮ ವಾದವಾಗಿತ್ತು. 1990ರ ಲಂಡನ್ ಸಭೆಯಲ್ಲಿ ಆಗಿನ ಪರಿಸರ ಸಚಿವೆ ಮೇನಕಾ ಗಾಂಧಿ ಇದೇ ವಾದವನ್ನು ಗಟ್ಟಿಯಾಗಿ ಮಂಡಿಸಿದರು. ಅಭಿವೃದ್ಧಿಶೀಲ ದೇಶಗಳು ಈ ಅನಿಲಗಳನ್ನು ಬಿಡಲು ನೆರವಾಗುವ ಬಹುಪಕ್ಷೀಯ ನಿಧಿ ಆ ಸಭೆಯಲ್ಲಿ ಹುಟ್ಟಿತು. ಮೊದಲ ಮೂರು ವರ್ಷಕ್ಕೆ 16 ಕೋಟಿ ಡಾಲರ್, ಭಾರತ ಮತ್ತು ಚೀನಾ ಸೇರಿದರೆ 24 ಕೋಟಿ. 1992ರಲ್ಲಿ ಭಾರತ ಸೇರಿತು.

ಈ ನಿಧಿಯ ಕಟ್ಟುಪಾಡುಗಳನ್ನು ನೀವು ಓದಲೇಬೇಕು. ಕಾರ್ಯಕಾರಿ ಸಮಿತಿಯಲ್ಲಿ 14 ದೇಶಗಳು, ಕೊಡುವವರಿಂದ ಏಳು, ಪಡೆಯುವವರಿಂದ ಏಳು. ಮತಕ್ಕೆ ಹಾಕಿದರೆ ಎರಡೂ ಗುಂಪಿನಲ್ಲಿ ಬಹುಮತ ಬೇಕು, ಅಂದರೆ ದುಡ್ಡು ಕೊಟ್ಟವರ ಮಾತೊಂದೇ ನಡೆಯುವಂತಿಲ್ಲ. ಕಾರ್ಖಾನೆಯೊಂದು ಹಳೆಯ ಅನಿಲವನ್ನು ಬಿಟ್ಟು ಹೊಸದಕ್ಕೆ ಹೋಗಲು ತಗಲುವ ಹೆಚ್ಚುವರಿ ವೆಚ್ಚವನ್ನು ಲೆಕ್ಕ ಹಾಕಿ, ಒಪ್ಪಿದಷ್ಟನ್ನು ಸಾಲವಾಗಿ ಅಲ್ಲದೆ ಅನುದಾನವಾಗಿ ಕೊಡುತ್ತಾರೆ. ಈ ಅನಿಲಗಳನ್ನು ವರ್ಷಕ್ಕೆ ತಲಾ 0.3 ಕಿಲೋಗ್ರಾಂಗಿಂತ ಕಡಿಮೆ ಬಳಸುತ್ತಿದ್ದ ಅಭಿವೃದ್ಧಿಶೀಲ ದೇಶಗಳಿಗೆ ಹತ್ತು ವರ್ಷದ ಹೆಚ್ಚಿನ ಅವಧಿಯೂ ಸಿಕ್ಕಿತು. ಭಾರತಕ್ಕೆ 2010ರ ಗಡುವಿತ್ತು, ಸಿಎಫ್‌ಸಿ ತಯಾರಿಕೆ 2008ರಲ್ಲೇ ನಿಂತಿತು. ನಿಮ್ಮ ಲೇಖನದ ‘ಶ್ರೀಮಂತ ದೇಶಗಳು ಎಂದೂ ಏನನ್ನೂ ಕೊಟ್ಟಿಲ್ಲ’ ಎಂಬ ವಾಕ್ಯದ ಎದುರು ಇದನ್ನೆಲ್ಲ ಇಟ್ಟು ನೋಡಿ. ಆ ವಾಕ್ಯ ಉಳಿಯುವುದಿಲ್ಲ.

ಹಾಗೆಂದು ಎಲ್ಲವೂ ಸುಸೂತ್ರವಾಗಿ ನಡೆಯಿತೆಂದು ಬರೆದರೆ ಅದೂ ಸುಳ್ಳು. ಫ್ರಿಜ್ಜಿನಲ್ಲಿ ಸಿಎಫ್‌ಸಿಗೆ ಬದಲಿಯಾಗಿ ಮೊದಲು ಬಂದದ್ದು ಎಚ್‌ಎಫ್‌ಸಿ-134ಎ ಎಂಬ, ಓಝೋನ್ ತಿನ್ನದ ಅನಿಲ. ಅದರ ತಯಾರಿಕೆಯ ಪೇಟೆಂಟ್‌ಗಳು ಕೆಲವೇ ದೊಡ್ಡ ರಾಸಾಯನಿಕ ಕಂಪನಿಗಳ ಕೈಯಲ್ಲಿದ್ದವು. ಭಾರತದ ತಯಾರಕರು ತಂತ್ರಜ್ಞಾನ ಕೇಳಿದಾಗ ಬಂದ ಬೆಲೆ 2.5 ಕೋಟಿ ಡಾಲರ್. ಇಲ್ಲವಾದರೆ ಬಹುಪಾಲು ಒಡೆತನ ಬಿಟ್ಟುಕೊಡಿ, ರಫ್ತು ಮಾಡಬೇಡಿ ಎಂಬ ಷರತ್ತು. ನಿಧಿ ಇತ್ತು, ಒಪ್ಪಂದದಲ್ಲಿ ‘ನ್ಯಾಯವಾದ, ಅತ್ಯಂತ ಅನುಕೂಲಕರ ಷರತ್ತುಗಳ ಮೇಲೆ’ ತಂತ್ರಜ್ಞಾನ ಕೊಡಬೇಕೆಂಬ ಮಾತೂ ಇತ್ತು. ಪೇಟೆಂಟ್ ಇಟ್ಟುಕೊಂಡ ಕಂಪನಿಯನ್ನು ಆ ಮಾತು ಕಟ್ಟಿಹಾಕಲಿಲ್ಲ. ಹವಾಮಾನ ಸಮ್ಮೇಳನಗಳಲ್ಲಿ ಇಂದಿಗೂ ಬಗೆಹರಿಯದ ತಂಟೆ ಇದೇ. ಸರ್ಕಾರಗಳು ಸಹಿ ಹಾಕುತ್ತವೆ, ತಂತ್ರಜ್ಞಾನ ಇರುವುದು ಖಾಸಗಿಯವರ ಬಳಿ. ನೀವು ಎರಡು ಪುಟ ವ್ಯಯಿಸಬೇಕಾದ ಜಾಗ ಇದು, ನಿಮ್ಮಲ್ಲಿ ಒಂದು ಸಾಲೂ ಇಲ್ಲ.

ಇದರ ಪಕ್ಕದಲ್ಲೇ ಇನ್ನೊಂದು ಹಾದಿ ತೆರೆಯಿತು. 1992-93ರಲ್ಲಿ ಜರ್ಮನಿಯಲ್ಲಿ ಗ್ರೀನ್‌ಪೀಸ್ ಸಂಸ್ಥೆ, ಮುಚ್ಚುವ ಹಂತದಲ್ಲಿದ್ದ ಹಳೆಯ ಪೂರ್ವ ಜರ್ಮನಿಯ ಫೊರೊನ್ ಎಂಬ ಕಾರ್ಖಾನೆಯ ಜೊತೆ ಸೇರಿ ಹೈಡ್ರೊಕಾರ್ಬನ್‌ನಿಂದ ನಡೆಯುವ ಫ್ರಿಜ್ ತಯಾರಿಸಿತು. ಪ್ರೊಪೇನ್, ಬ್ಯುಟೇನ್, ಅಂದರೆ ಅಡುಗೆ ಅನಿಲದ ಜಾತಿಯವೇ. ಓಝೋನ್‌ಗೆ ಹಾನಿಯಿಲ್ಲ, ಭೂಮಿಯನ್ನು ಬಿಸಿ ಮಾಡುವ ಗುಣವೂ ಅತ್ಯಲ್ಪ. ಎಚ್‌ಎಫ್‌ಸಿ-134ಎ ಮಾತ್ರ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಬಿಸಿ ಮಾಡುತ್ತದೆ. ಗ್ರೀನ್‌ಪೀಸ್ ಆ ವಿಧಾನಕ್ಕೆ ಪೇಟೆಂಟ್ ಮಾಡಿಸದೆ ಎಲ್ಲರಿಗೂ ಬಿಟ್ಟುಕೊಟ್ಟಿತು. ಚೀನಾದ ಕಾರ್ಖಾನೆಗಳು ತೆಗೆದುಕೊಂಡವು. ನಮ್ಮಲ್ಲಿ ಗೋದ್ರೆಜ್, ಜರ್ಮನಿ ಮತ್ತು ಸ್ವಿಟ್ಜರ್ಲೆಂಡಿನ ನೆರವಿನಿಂದ ಆ ಕಡೆ ಹೊರಳಿತು. ಅಮೆರಿಕ ಮನೆಬಳಕೆಯ ಇಂಥ ಫ್ರಿಜ್ಜಿಗೆ ಅನುಮತಿ ಕೊಟ್ಟದ್ದು 2011ರ ಕೊನೆಗೆ. ಮುಂದೆ ಇರುವವರು ಯಾರು, ಹಿಂದೆ ಬಿದ್ದವರು ಯಾರು ಎಂಬ ನಿಮ್ಮ ವಿಂಗಡಣೆಯನ್ನು ಈ ಒಂದು ವರ್ಷ ಅಲ್ಲಾಡಿಸಬೇಕು.

ಈಗ ನಿಮ್ಮ ಮಾವನವರ ಅಂಗಡಿಗೆ ಬನ್ನಿ. ಕಂಪ್ರೆಸರಿನ ಮೇಲಿನ ಚೀಟಿಯಲ್ಲಿ ‘ಆರ್-600ಎ’ ಎಂದಿದ್ದರೆ ಒಳಗಿರುವುದು ಐಸೊಬ್ಯುಟೇನ್. ಸಾಮಾನ್ಯ ಮನೆಯ ಫ್ರಿಜ್ಜಿನಲ್ಲಿ ಅದು ಐವತ್ತು ಗ್ರಾಂ ಆಸುಪಾಸು, ಅಷ್ಟೇ. ಹಳೆಯ ಗ್ಯಾಸನ್ನು ಗೇಜ್ ನೋಡುತ್ತಾ, ಪೈಪ್ ಮುಟ್ಟಿ ತಂಪು ಅಂದಾಜಿಸುತ್ತಾ ತುಂಬಿಸಬಹುದಿತ್ತು. ಇದನ್ನು ಡಿಜಿಟಲ್ ತಕ್ಕಡಿಯ ಮೇಲೆ ತೂಗಿಯೇ ತುಂಬಿಸಬೇಕು, ಕೆಲವು ಗ್ರಾಂ ಹೆಚ್ಚುಕಡಿಮೆಯಾದರೂ ಫ್ರಿಜ್ ಸರಿಯಾಗಿ ನಡೆಯುವುದಿಲ್ಲ. ಒಳಗಿನ ಗಾಳಿ, ತೇವ ತೆಗೆಯಲು ಒಳ್ಳೆಯ ವ್ಯಾಕ್ಯೂಮ್ ಪಂಪ್ ಬೇಕು. ಎಷ್ಟೋ ಅಂಗಡಿಗಳಲ್ಲಿ ಹಳೆಯ ಕಂಪ್ರೆಸರನ್ನೇ ಪಂಪ್ ಮಾಡಿಕೊಂಡಿರುತ್ತಾರೆ. ತೇವ ಉಳಿದರೆ ಕ್ಯಾಪಿಲರಿ ಎಂಬ ಸಣ್ಣ ನಳಿಗೆಯ ಬಾಯಲ್ಲಿ ಮಂಜು ಕಟ್ಟಿ ಫ್ರಿಜ್ ನಿಲ್ಲುತ್ತದೆ, ಗಿರಾಕಿ ವಾಪಸ್ ಬರುತ್ತಾನೆ. ಇನ್ನು ಗ್ಯಾಸ್ ಪೂರ್ತಿ ಹೊರಹೋಗುವ ಮೊದಲು ಪೈಪ್ ಬೆಸೆಯುವ ಬ್ರೇಜಿಂಗ್ ಟಾರ್ಚ್ ಹಚ್ಚಿದರೆ ಬೆಂಕಿ. ಬಾಗಿಲು ಕಿಟಕಿ ಮುಚ್ಚಿದ ಪುಟ್ಟ ಅಂಗಡಿಯಲ್ಲಿ ಅದು ಹುಡುಗಾಟವಲ್ಲ.

ನಿಮ್ಮ ಮಾವನವರ ಹಿಂಜರಿಕೆಯನ್ನು ನೀವು ‘ಅಜ್ಞಾನ’ ಎಂದು ಕರೆದಿದ್ದೀರಿ. ದಯವಿಟ್ಟು ಆ ಪದವನ್ನು ಹೊಡೆದುಹಾಕಿ. ತನಗೆ ಯಾರೂ ಕಲಿಸದ ಕೆಲಸವನ್ನು ಗಿರಾಕಿಯ ಮನೆಯಲ್ಲಿ ಪ್ರಯೋಗ ಮಾಡದ ಮನುಷ್ಯ ಪ್ರಾಮಾಣಿಕ. ನಿಧಿಯ ನೆರವಿನಲ್ಲೇ ನಮ್ಮ ದೇಶದಲ್ಲಿ ಸಾವಿರಾರು ಮೆಕ್ಯಾನಿಕ್‌ಗಳಿಗೆ ತರಬೇತಿ ನಡೆದಿದೆ. ಅವರಿಗೆ ಅದು ಸಿಕ್ಕಿತೇ? ಯಾವ ಭಾಷೆಯಲ್ಲಿ? ಎರಡು ದಿನ ಅಂಗಡಿ ಮುಚ್ಚಿದರೆ ಆ ದಿನಗಳ ಸಂಪಾದನೆ ಏನಾಗುತ್ತದೆ? ತಕ್ಕಡಿ, ಪಂಪ್ ಕೊಳ್ಳಲು ಎಷ್ಟು ಬೇಕು? ಇವನ್ನು ಕೇಳಿ ಬರೆಯಿರಿ. ಜಿನೀವಾದಲ್ಲೋ ಮಾಂಟ್ರಿಯಲ್‌ನಲ್ಲೋ ಕುಳಿತವರಿಗೆ ಗೊತ್ತಿಲ್ಲದ್ದು ಇವುಗಳ ಉತ್ತರದಲ್ಲಿದೆ, ಅದನ್ನು ಬರೆಯುವ ಅವಕಾಶ ನಿಮಗಿದೆ.

ಇನ್ನೊಂದು ಮಾತು. ನಿಮ್ಮ ಬರಹದಲ್ಲಿ ಭಾರತ ಯಾವಾಗಲೂ ಕೈಚಾಚಿ ನಿಂತಿರುತ್ತದೆ. ರಾಜಸ್ಥಾನದ ತಿಲೋನಿಯಾದ ಬೇರ್‌ಫೂಟ್ ಕಾಲೇಜಿಗೆ ಆಫ್ರಿಕಾದ ಹಳ್ಳಿಗಳಿಂದ ಓದುಬರಹ ಬಾರದ ಹೆಂಗಸರು ಬಂದು, ಆರು ತಿಂಗಳು ಸೌರ ದೀಪ ಜೋಡಿಸುವುದನ್ನೂ ರಿಪೇರಿ ಮಾಡುವುದನ್ನೂ ಬಣ್ಣ ಮತ್ತು ಸನ್ನೆಗಳ ಮೂಲಕ ಕಲಿತು ಹೋಗಿದ್ದಾರೆ. ಖರ್ಚು ನೋಡಿಕೊಂಡದ್ದು ನಮ್ಮ ವಿದೇಶಾಂಗ ಸಚಿವಾಲಯ. ಒಂದು ಪ್ಯಾರಾ ಸಾಕು, ಆದರೆ ಇರಲಿ.

ಮಾಂಟ್ರಿಯಲ್ ಒಪ್ಪಂದಕ್ಕೆ 2016ರಲ್ಲಿ ಆದ ಕಿಗಾಲಿ ತಿದ್ದುಪಡಿಯ ಪ್ರಕಾರ ಭಾರತ 2032ರಿಂದ ಎಚ್‌ಎಫ್‌ಸಿ ಇಳಿಸುತ್ತಾ 2047ಕ್ಕೆ ಶೇ 85ರಷ್ಟು ಕಡಿಮೆ ಮಾಡಬೇಕು. ಹಾಗಾಗಿ ಎಸಿಗಳಲ್ಲೂ ಇದೇ ಕಥೆ ಮತ್ತೆ ನಡೆಯಲಿದೆ, ಈ ಸಲ ಅನಿಲದ ಪ್ರಮಾಣ ಹೆಚ್ಚು, ಅಪಾಯವೂ ಹೆಚ್ಚು. ಲೇಖನ ಈಗಲೇ ಬರಬೇಕೆಂದು ನಾನು ಒತ್ತಾಯಿಸುವುದು ಇದಕ್ಕಾಗಿ.

ಸೆಪ್ಟೆಂಬರ್ ಸಂಚಿಕೆಯಲ್ಲಿ ಓಝೋನ್ ದಿನದ ಸಲುವಾಗಿ ನಾಲ್ಕು ಪುಟ ಖಾಲಿ ಇಟ್ಟಿರುತ್ತೇನೆ. ಸಮ್ಮೇಳನಗಳ ಪಟ್ಟಿಯನ್ನು ಅರ್ಧ ಪ್ಯಾರಾಕ್ಕೆ ಇಳಿಸಿ. ಮಾವನವರ ಒಪ್ಪಿಗೆ ಇದ್ದರೆ ಅಂಗಡಿಯ ಒಂದು ಫೋಟೊ ಕಳುಹಿಸಿ, ಬೇಡವೆಂದರೆ ಅವರ ಹೆಸರನ್ನೂ ಊರನ್ನೂ ಬಿಟ್ಟು ಬರೆಯಿರಿ. ಜುಲೈ ಕೊನೆಯೊಳಗೆ ಕೈಸೇರಿದರೆ ಒಟ್ಟಿಗೆ ಕೂತು ತಿದ್ದಲು ಸಮಯ ಸಿಗುತ್ತದೆ.

ವಿಶ್ವಾಸದಿಂದ,
ಸಂಪಾದಕ