ಉಬುಂಟುವಿನಲ್ಲಿ ಸರಾಗ, ವಿಂಡೋಸ್‌ನಲ್ಲಿ ತಡ: ಇಂಕ್‌ಸ್ಕೇಪ್‌ನ ಫಾಂಟ್ ಕಿರಿಕಿರಿ

ಪ್ರಶ್ನೆ: ಲಗ್ನಪತ್ರಿಕೆ, ಬ್ಯಾನರ್‌ಗಳಿಗೆ ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶ ಬಳಸುತ್ತೇನೆ. ಹಳೆಯ ಉಬುಂಟು ಲ್ಯಾಪ್‌ಟಾಪಿನಲ್ಲಿ ಥಟ್ಟನೆ ತೆರೆಯುವ ಕಡತ, ಹೊಸ ವಿಂಡೋಸ್ ಕಂಪ್ಯೂಟರಿನಲ್ಲಿ ಟೆಕ್ಸ್ಟ್ ಟೂಲ್ ಮುಟ್ಟಿದೊಡನೆ ಅರ್ಧ ನಿಮಿಷ ನಿಂತುಬಿಡುತ್ತದೆ. ಸುಮಾರು 1,500 ಫಾಂಟ್‌ಗಳಿವೆ. ರ‍್ಯಾಮ್ ಹೆಚ್ಚಿಸಲೇ?

ಉತ್ತರ: ರ‍್ಯಾಮ್‌ಗೆ ದುಡ್ಡು ಸುರಿಯಬೇಡಿ. ಇಂಕ್‌ಸ್ಕೇಪ್ ಫಾಂಟ್ ಹುಡುಕುವುದು ಫಾಂಟ್‌ಕಾನ್ಫಿಗ್ ಎಂಬ, ಫಾಂಟ್‌ಗಳ ಪಟ್ಟಿ ಇಡುವ ತಂತ್ರಾಂಶದ ಮೂಲಕ. ಉಬುಂಟು ಸೇರಿದಂತೆ ಲಿನಕ್ಸ್ ಡೆಸ್ಕ್‌ಟಾಪ್ ಪೂರ್ತಿ ಅದನ್ನೇ ನೆಚ್ಚಿರುವುದರಿಂದ ಅಲ್ಲಿ ಕ್ಯಾಶ್ (ಮೊದಲೇ ಓದಿ ಉಳಿಸಿಟ್ಟ ಫಾಂಟ್ ಪಟ್ಟಿ) ಮೊದಲೇ ಸಿದ್ಧವಿರುತ್ತದೆ. ವಿಂಡೋಸ್, ಮ್ಯಾಕ್‌ಗಳಲ್ಲಿ ಅದು ಹೊರಗಿನ ಅತಿಥಿ. ತನ್ನ ಪಟ್ಟಿಯನ್ನು ತಾನೇ ಕಟ್ಟಿಕೊಳ್ಳಬೇಕು. ಈ ಕ್ಯಾಶ್ ಪ್ರತಿ ಫೋಲ್ಡರಿಗೂ ಒಂದೊಂದು. ಉಬುಂಟುವಿನಲ್ಲಿ ಫಾಂಟ್‌ಗಳು ಹತ್ತಾರು ಉಪಫೋಲ್ಡರ್‌ಗಳಲ್ಲಿ ಹಂಚಿಹೋಗಿರುತ್ತವೆ. ವಿಂಡೋಸ್‌ನಲ್ಲಿ ಹೆಚ್ಚಿನವು ಒಂದೇ ಫೋಲ್ಡರಿನಲ್ಲಿ! ಒಂದು ಹೊಸ ಫಾಂಟ್ ಹಾಕಿದರೂ ಅಷ್ಟೂ ಕಡತಗಳನ್ನು ಮತ್ತೆ ತೆರೆದು ಓದಬೇಕು, ಒಂದೊಂದನ್ನೂ ಆ್ಯಂಟಿವೈರಸ್ ತಡೆದು ನೋಡುತ್ತದೆ.

ನೀವೇ ಹಾಕಿಕೊಂಡ ಫಾಂಟ್‌ಗಳಲ್ಲಿ ಕೆಲಸಕ್ಕೆ ಬೇಕಾದ 20–30 ಫಾಂಟ್‌ಗಳನ್ನಷ್ಟೇ ಉಳಿಸಿ, ಮಿಕ್ಕವನ್ನು ಬೇರೆ ಫೋಲ್ಡರಿಗೆ ನಕಲಿಸಿಟ್ಟು ವಿಂಡೋಸ್‌ನಿಂದ ತೆಗೆಯಿರಿ. ಇಂಕ್‌ಸ್ಕೇಪ್ 1.0 ಅಥವಾ ನಂತರದ್ದಾದರೆ ಪ್ರಿಫರೆನ್ಸಸ್, ಟೂಲ್ಸ್, ಟೆಕ್ಸ್ಟ್‌ಗೆ ಹೋಗಿ. ಅಲ್ಲಿ ಫಾಂಟ್ ಮಾದರಿ ತೋರಿಸುವ ಆಯ್ಕೆಯ ಗುರುತನ್ನೂ ತೆಗೆಯಿರಿ; ಪಟ್ಟಿ ತೆರೆದಾಗ ಪ್ರತಿ ಹೆಸರಿಗೂ ಒಂದೊಂದು ಫಾಂಟ್ ಎಳೆದು ಬಿಡಿಸುವ ಕೆಲಸ ತಪ್ಪುತ್ತದೆ. ನಂತರ ಇಂಕ್‌ಸ್ಕೇಪ್ ಮುಚ್ಚಿ ತೆರೆಯಿರಿ.

ನಮ್ಮವರ ಕಂಪ್ಯೂಟರುಗಳಲ್ಲಿ ಇನ್ನೊಂದು ತೊಡಕು: ನುಡಿ, ಬರಹದ ಹಳೆಯ ಆಸ್ಕಿ ಫಾಂಟ್‌ಗಳು. ಅವುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕೃತಿ ಕೂತಿರುತ್ತದೆ, ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಯೂನಿಕೋಡ್ ಕನ್ನಡ ಇರುವುದಿಲ್ಲ. ಯೂನಿಕೋಡ್ ಪಠ್ಯಕ್ಕೆ ಅಂಥ ಫಾಂಟ್ ಕೊಟ್ಟರೆ, ಕನ್ನಡ ಬಲ್ಲ ಬದಲಿ ಫಾಂಟಿಗಾಗಿ ಇಡೀ ಪಟ್ಟಿಯನ್ನು ಜಾಲಾಡಬೇಕಾಗುತ್ತದೆ. ನೋಟೋ ಸಾನ್ಸ್ ಕನ್ನಡ ಅಥವಾ ನಿರ್ಮಲಾ ಯುಐ ನೇರವಾಗಿ ಆರಿಸಿ.

ಟೈಪ್ ಮಾಡುವಾಗ ಮಾತ್ರ ತಡವಾದರೆ ಕಾರಣ ಬೇರೆ. ಪಠ್ಯಕ್ಕೆ ಬ್ಲರ್ ನೆರಳಿದೆಯೇ ನೋಡಿ. ವ್ಯೂ ಮೆನುವಿನ ಡಿಸ್‌ಪ್ಲೇ ಮೋಡ್‌ನಲ್ಲಿ ನೋ ಫಿಲ್ಟರ್ಸ್ ಹಾಕಿದೊಡನೆ ಚುರುಕಾದರೆ ತಪ್ಪು ಫಾಂಟಿನದ್ದಲ್ಲ. ಉದ್ದನೆಯ ಪಠ್ಯವನ್ನು ಒಂದೇ ಪೆಟ್ಟಿಗೆಯಲ್ಲಿ ತುಂಬಿದರೂ ಪ್ರತಿ ಕೀಲಿಗೆ ಎಲ್ಲವನ್ನೂ ಮತ್ತೆ ಜೋಡಿಸಬೇಕಾಗುತ್ತದೆ. ಮೂರು ನಾಲ್ಕು ತುಂಡು ಮಾಡಿ. ಮುದ್ರಣಕ್ಕೆ ಕಳಿಸುವ ಮುನ್ನ ಕಂಟ್ರೋಲ್, ಶಿಫ್ಟ್, ಸಿ ಒತ್ತಿ ಪಠ್ಯವನ್ನು ಪಾತ್‌ಗೆ, ಅಂದರೆ ಬರೀ ಗೆರೆಗಳ ಆಕೃತಿಗೆ, ಬದಲಿಸಬಹುದು. ಆಮೇಲೆ ಒತ್ತಕ್ಷರ ತಿದ್ದಲಾಗದು, ಪಠ್ಯವಿರುವ ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಂಡಿರಿ.