ಅಜ್ಜಿಯ ಮಾತಿಗೆ ಬಿದ್ದ ತಡೆ

ಲಿಂಗಸುಗೂರು ತಾಲ್ಲೂಕಿನ ತಾಂಡಾವೊಂದರಿಂದ ಬಂದು ರಾಯಚೂರಿನಲ್ಲಿ ನೆಲೆಸಿರುವ ದಂಪತಿ, 3 ವರ್ಷ 8 ತಿಂಗಳ ಮಗಳು ಮಾತನ್ನೇ ಬಿಟ್ಟಿದ್ದಾಳೆಂದು, ಮಕ್ಕಳ ಮಾತಿನ ತೊಂದರೆಗಳನ್ನು ನೋಡುವ ನನ್ನಲ್ಲಿಗೆ ಕರೆತಂದರು. (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.) ಅಜ್ಜಿಯೊಡನೆ ಲಂಬಾಣಿಯಲ್ಲಿ ಹರಟುತ್ತಿದ್ದ, ಓಣಿಯ ಮಕ್ಕಳಿಂದ ಕನ್ನಡವನ್ನೂ ಹಿಡಿದಿದ್ದ ಈ ಮಗು, ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿದ ನಾಲ್ಕು ತಿಂಗಳಲ್ಲಿ ಮನೆಯಲ್ಲೂ ಕೈಸನ್ನೆಗೆ ಇಳಿದಿತ್ತು. ಮನೆಯಲ್ಲಿ ಇಂಗ್ಲಿಷನ್ನೇ ಆಡಬೇಕೆಂಬ ಶಾಲೆಯ ಸೂಚನೆಯಂತೆ ತಂದೆತಾಯಿ ಅಜ್ಜಿಗೆ ಮೊಮ್ಮಗಳ ಮುಂದೆ ಲಂಬಾಣಿ ಆಡಬೇಡವೆಂದಿದ್ದರು. ಆಕೆ ಮಾತಿಲ್ಲದೆ ತುತ್ತು ಉಣಿಸುತ್ತಿದ್ದಳು.

ಮೊದಲು ಶ್ರವಣ ಪರೀಕ್ಷೆ ಮಾಡಿಸಲು ಹೇಳಿದೆ, ಏಕೆಂದರೆ ಬಂದ ಮಾತು ಹಿಂದೆ ಸರಿದಾಗ ಕಾರಣವನ್ನು ಊಹಿಸಿ ಕೂರುವುದು ತಪ್ಪು. ಕಿವಿ ಸರಿಯಾಗಿತ್ತು. ಅಜ್ಜಿ ಲಂಬಾಣಿಯಲ್ಲಿ ಕೇಳಿದ್ದನ್ನೆಲ್ಲ ಮಗು ಓಡಿಹೋಗಿ ತಂದುಕೊಟ್ಟಿತು, ಬೊಂಬೆಗೆ ಉಣಿಸುವ ಆಟವನ್ನೂ ಆಡಿತು.

ತಂದೆತಾಯಿ ಆಡುತ್ತಿದ್ದ ಇಂಗ್ಲಿಷನ್ನು ಬರೆದುಕೊಂಡೆ: ‘ಕಮ್’, ‘ಸಿಟ್’, ‘ಈಟ್’, ‘ಡೋಂಟ್ ಟಚ್’. ಎಲ್ಲವೂ ಅಪ್ಪಣೆಗಳು. ಯಾಕೆ ಎಂದು ಕೇಳುವ, ಅತ್ತಾಗ ಸಂತೈಸುವ, ಕಥೆಯನ್ನು ಬೆಳೆಸುವ ಭಾಷೆ ಆ ಮನೆಯಿಂದ ಹೊರಗೆ ಹೋಗಿತ್ತು. ಇದನ್ನು ತೋರಿಸಿದಾಗ ತಾಯಿ ಕಣ್ಣೀರಾದರು: “ಸಾಲ್ಯಾಗ ನನ್ನ ಮಾತು ಕೇಳಿ ನಗತಿದ್ರರಿ, ಅಕಿಗೆ ಹಂಗ ಆಗಬಾರ್ದು.” ಆ ಭಯ ನಿಜವಾದದ್ದು, ಅದನ್ನು ವಾದದಿಂದ ಅಳಿಸಲಾಗದು.

ನಾನು ಕೊಟ್ಟ ಸಲಹೆ ಇಷ್ಟು. ಅಜ್ಜಿ ಲಂಬಾಣಿಯಲ್ಲೇ ಮಾತಾಡಲಿ, ಊಟ, ಸ್ನಾನ, ನಿದ್ದೆಯ ಹೊತ್ತಿನಲ್ಲಿ ಕಥೆ ಹಾಡು ನಡೆಯಲಿ. ಮಗು ಒಂದೇ ವಾಕ್ಯದಲ್ಲಿ ಎರಡು ಭಾಷೆ ಬೆರೆಸಿದರೆ ಅದು ಗೊಂದಲವಲ್ಲ, ಬಹುಭಾಷೆಯ ಮಕ್ಕಳ ಸಹಜ ರೂಢಿ, ಆದ್ದರಿಂದ ತಿದ್ದಬೇಡಿ. ಹೊಸ ಭಾಷೆಯ ತರಗತಿಯಲ್ಲಿ ಮಕ್ಕಳು ಕೆಲಕಾಲ ಬರೀ ಕೇಳುತ್ತ ಕೂರುವುದುಂಟು. ‘ಹೇಳು, ಹೇಳು’ ಎಂದು ಒತ್ತಾಯಿಸಬಾರದು. ಗಟ್ಟಿಯಾದ ಮನೆಮಾತಿನ ಮೇಲೆ ಕನ್ನಡವೂ ಇಂಗ್ಲಿಷೂ ಬರುತ್ತವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಾದಲ್ಲೆಲ್ಲ ಕನಿಷ್ಠ 5ನೇ ತರಗತಿಯವರೆಗೆ ಮನೆಮಾತಿನಲ್ಲಿ ಅಥವಾ ಸ್ಥಳೀಯ ಭಾಷೆಯಲ್ಲಿ ಕಲಿಸಬೇಕೆನ್ನುತ್ತದೆ ಎಂಬುದನ್ನು ಶಿಕ್ಷಕಿಗೆ ತಿಳಿಸಲು ಒಂದು ಪತ್ರ ಬರೆದುಕೊಟ್ಟೆ.

ಮೂರನೆಯ ತಿಂಗಳು ಬಂದಾಗ ಮಗು ಅಜ್ಜಿಯ ಆಡಿನ ಕಥೆಯನ್ನು ಲಂಬಾಣಿಯಲ್ಲಿ ಹೇಳಿ, ನನಗೆ ತಿಳಿಯಲಿಲ್ಲವೆಂದು ಕಂಡು ಕನ್ನಡದಲ್ಲಿ ಮತ್ತೆ ಹೇಳಿತು. ಶಾಲೆಯಲ್ಲಿ ಇನ್ನೂ ಮಾತು ಕಡಿಮೆಯೇ ಇದೆ. ದಸರಾ ರಜೆಯ ನಂತರ ಮತ್ತೊಮ್ಮೆ ನೋಡುತ್ತೇನೆ.