ಸಂಪಾದಕರ ಉತ್ತರ: ಆ್ಯಪ್ ಇರ್ಲಿ, ಮೊದ್ಲು ಇಳಿತದ ಹೊತ್ತಿಗೆ ಬನ್ನಿ

ಬೆಂಗಳೂರಿಂದ ಪತ್ರ ಬರೆದ ನಮ್ಮ ಕುಮಟಾ ಕಡೆಯ ಓದುಗರಿಗೆ ನಮಸ್ಕಾರ. ನಿಮ್ಮ ಪತ್ರ ಪೂರ್ತಿ ಹಾಕೋಕೆ ಜಾಗ ಇಲ್ಲ, ಬೇರೆಯವ್ರಿಗೆ ಗೊತ್ತಾಗ್ಲಿ ಅಂತ ಸಾರ ಮಾತ್ರ ಹೇಳ್ತೇನೆ: ಊರು ಬಿಟ್ಟು ಹೋದ ಹನ್ನೊಂದು ಜನ ಗೆಳೆಯರು ಸೇರಿ ಎರಡೂವರೆ ಲಕ್ಷ ಒಟ್ಟು ಮಾಡಿದೀರಿ, ಅಘನಾಶಿನಿ ಹೊಳೆ ಸಮುದ್ರ ಸೇರೋ ಅಳಿವೆಯಲ್ಲಿ ಬಳಚು (ಕೆಸರಲ್ಲಿ ಸಿಗೋ ಚಿಪ್ಪುಮೀನು) ಹೆಕ್ಕೋ ಹೆಂಗಸ್ರು ದಲ್ಲಾಳಿ ಹಂಗಿಲ್ದೆ ನೇರ ಮಾರ್ಲಿ ಅಂತ ಒಂದು ಆ್ಯಪ್ ಮಾಡ್ಬೇಕು, ತಿಂಗಳಿಗೊಂದ್ಸಲ ಅವ್ರನ್ನ ಕೂರಿಸಿ 'ಹೀಲಿಂಗ್ ಸರ್ಕಲ್' ನಡೆಸ್ಬೇಕು, ಇದಕ್ಕೆ ಪಾರ್ಟ್ನರ್ ಆಗಿ ಯಾವ ಸಂಸ್ಥೆ ಹಿಡಿಯೋದು ಒಳ್ಳೇದು ಅಂತ ಕೇಳಿದೀರಿ.

ಸಂಸ್ಥೆ ಹೆಸರು ನಾನು ಹೇಳಲ್ಲ. ಸಿಟ್ಟು ಮಾಡ್ಕೋಬೇಡಿ. ನಿಮ್ಮ ಪತ್ರ ನಾಲ್ಕು ಪುಟ ಇದೆ, ಆ ನಾಲ್ಕು ಪುಟದಲ್ಲಿ ಬಳಚು ಹೆಕ್ಕೋ ಒಬ್ಬ ಹೆಂಗಸಿನ ಒಂದು ಮಾತೂ ಇಲ್ಲ. ಪಾರ್ಟ್ನರ್ ಯಾರು ಅಂತ ನನ್ನ ಕೇಳ್ತಿದೀರಲ್ಲ, ಪಾರ್ಟ್ನರ್ ಅವ್ರೇ ಅಲ್ವಾ?

ಇದನ್ನ ನಾನು ಯಾವ್ದೋ ಗದ್ದುಗೆ ಮೇಲೆ ಕೂತು ಹೇಳ್ತಿಲ್ಲ. ಸುಮಾರು ವರ್ಷದ ಹಿಂದೆ ಒಂದು ಕಮಿಟಿಯಲ್ಲಿ ನಾನೂ ಇದ್ದೆ, ಹೊಳೆ ದಂಡೆಯ ಒಂದು ಕೇರಿಗೆ ಹೊಲಿಗೆ ಮಷಿನ್ ಕೊಟ್ವಿ, ಹಾರ ತುರಾಯಿ ಫೋಟೋ ಎಲ್ಲಾ ಆಯ್ತು, ಎರಡು ಮಳೆಗಾಲ ಕಳೆದು ಹೋಗಿ ನೋಡಿದ್ರೆ ಉಪ್ಪು ಗಾಳಿಗೆ ಮಷಿನ್ ತುಕ್ಕು ಹಿಡಿದು ಅದರ ಮೇಲೆ ಒಣ ಮೀನಿನ ಬುಟ್ಟಿ ಇಟ್ಟಿದ್ರು. ಒಬ್ಬ ಅಜ್ಜಿ ನಗಾಡ್ತಾ "ಗಟ್ಟಿ ಉಂಟು ತಮಾ, ಬುಟ್ಟಿ ಇಡೂಕೆ ಬಾಳ ಚಲೋ ಆಯ್ತು" ಅಂದ್ಲು. ಅವ್ರಿಗೆ ಆಗ ಬೇಕಾಗಿದ್ದು ದಂಡೆಯಲ್ಲಿ ಸೀರೆ ಬದಲಾಯಿಸೋಕೆ ಒಂದು ಮರೆ. ನಾವು ಕೇಳಿರ್ಲಿಲ್ಲ, ಅವ್ರೂ ಹೇಳಿರ್ಲಿಲ್ಲ, ಕೊಡೋಕೆ ಬಂದವ್ರ ಹತ್ರ ಯಾರು ಹೇಳ್ತಾರೆ.

ನೀವು 'ಇನ್ನೋವೇಷನ್' ಅಂತ ಆರು ಸಲ ಬರೆದಿದೀರಿ (ಎಣಿಸಿದೆ, ಕ್ಷಮಿಸಿ, ಪ್ರೂಫ್ ನೋಡೋ ಚಾಳಿ). ಅದು ನಮ್ಮಲ್ಲಿ ಇಲ್ದೇ ಇರೋ ವಸ್ತು ಅನ್ನೋ ಧಾಟಿ ಇದೆ, ಅದಕ್ಕೇ ಮಾಣಿಕಟ್ಟಾ ಕಡೆ ಒಂದ್ಸಲ ಹೋಗಿ ಗಜನಿ ಗದ್ದೆ ನೋಡಿ. ಭರತಿ ಬಂದಾಗ ಉಪ್ಪುನೀರು ನುಗ್ಗೋ ಜಾಗ, ಅಲ್ಲಿ ಬೇರೆ ಭತ್ತ ಹಾಕಿದ್ರೆ ಸುಟ್ಟು ಹೋಗ್ತದೆ, ಉಪ್ಪು ತಡೆಯೋ ಕಗ್ಗ ಅನ್ನೋ ಭತ್ತ ಮಾತ್ರ ಬರ್ತದೆ. ಮಳೆಗಾಲದ ಸಿಹಿನೀರಲ್ಲಿ ಕಗ್ಗ ಬೆಳೆದು, ಕೊಯ್ಲಾದ್ಮೇಲೆ ಕಟ್ಟೆಯ ಜಂತ್ರಡಿ (ನೀರು ಬಿಡೋ ತೂಬು) ಬಾಗಿಲು ತೆಗೆದು ಹೊಳೆ ನೀರು ಒಳಗೆ ಬಿಟ್ರೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಕಟ್ಟೆ ಒಂದು ಕಡೆ ಒಡೆದ್ರೆ ಎಲ್ಲರ ಗದ್ದೆಗೂ ಉಪ್ಪು, ಹಾಗಾಗಿ ಕಟ್ಟೆ ಕಾಯೋದು ಎಲ್ಲರ ಕೆಲಸ ಆಗಿತ್ತು, ಯಾರೂ ಅದಕ್ಕೆ ಪಾರ್ಟ್ನರ್‌ಶಿಪ್ ಅಂತ ಹೆಸರಿಟ್ಟಿರ್ಲಿಲ್ಲ. ಆಮೇಲೆ ಸಿಗಡಿ ಕೃಷಿಯ ದುಡ್ಡು ಬಂತು, ಕಗ್ಗ ಹಿಂದೆ ಬಿತ್ತು, ಕಟ್ಟೆ ಕಡೆ ಲಕ್ಷ್ಯ ಕಮ್ಮಿ ಆಯ್ತು. ಅದನ್ನ ಮತ್ತೆ ಎಬ್ಬಿಸಿದ್ದು ಮಾಣಿಕಟ್ಟಾದ ರೈತರೇ. ತದಡಿಯಲ್ಲಿ 4000 ಮೆಗಾವ್ಯಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಬರ್ತದೆ ಅಂದಾಗ ಅದು ಬರದ ಹಾಗೆ ನೋಡ್ಕೊಂಡಿದ್ದೂ ಈ ಹೊಳೆ ನಂಬಿದ ಜನರೇ. ಅದೇ ಅಳಿವೆಗೆ 2024ರಲ್ಲಿ ರಾಮ್ಸಾರ್ ಪಟ್ಟ, ಅಂದ್ರೆ ಜಗತ್ತಿನ ಮಹತ್ವದ ಜೌಗು ಜಾಗ ಅನ್ನೋ ಮಾನ್ಯತೆ, ಸಿಕ್ತು. ಅಣೆಕಟ್ಟಿಲ್ಲದ ಹೊಳೆ ಅಂತ ನಾವೆಲ್ಲ ಹೆಮ್ಮೆಯಿಂದ ಭಾಷಣ ಮಾಡ್ತೀವಿ, ಆ ಹೊಳೆಯ ಕೆಸರಲ್ಲಿ ಬಗ್ಗಿ ನಿಂತವಳಿಗೆ ಆ ಪಟ್ಟದಿಂದ ಒಂದು ಬುಟ್ಟಿನೂ ಹೆಚ್ಚು ಸಿಕ್ಕಿಲ್ಲ, ಅದು ಬೇರೆ ಮಾತು. ಅಲ್ಲ, ಬೇರೆ ಮಾತಲ್ಲ, ಅದೇ ಮಾತು.

ದಲ್ಲಾಳಿ ವಿಷ್ಯಕ್ಕೆ ಬರುವ. ದಲ್ಲಾಳಿ ಕಾಟಕ್ಕೆ ಔಷಧ ನಮ್ಮ ಜಿಲ್ಲೆಗೆ ಹೊಸದಲ್ಲ, ಶಿರಸಿಯಲ್ಲಿ ತೋಟಗಾರ್ಸ್ ಸೊಸೈಟಿ 1923ರಲ್ಲೇ ಶುರುವಾಗಿದೆ, ಅಡಿಕೆ ಬೆಳೆಗಾರರು ತಾವೇ ಸೇರಿ ಕಟ್ಕೊಂಡಿದ್ದು. ಹಾಗಿದ್ರೆ ಬಳಚಿಗೂ ಒಂದು ಸೊಸೈಟಿ ಯಾಕಾಗ್ಲಿಲ್ಲ? ನನಗೆ ತೋಚೋದು ಇಷ್ಟು. ಅಡಿಕೆಯವ್ರ ಹತ್ರ ಪಹಣಿ ಇತ್ತು, ಓದು ಇತ್ತು, ಅಡಿಕೆನ ಅಟ್ಟದ ಮೇಲೆ ಇಟ್ಟು ದರ ಬರೋತನಕ ಕಾಯ್ಬಹುದು. ಬಳಚು ಬೆಳಿಗ್ಗೆ ಹೆಕ್ಕಿದ್ದು ಸಂಜೆಗೆ ಹೋಗ್ಲೇಬೇಕು. ಇವ್ರಿಗೆ ಪಹಣಿ ಇಲ್ಲ, ಕೆಸರಿಗೆ ಯಾರು ಪಹಣಿ ಕೊಡ್ತಾರೆ! ದೋಣಿ ಇಲ್ಲ, ಬಲೆ ಇಲ್ಲ, ಹಾಗಾಗಿ ಮೀನುಗಾರರು ಅಂದಾಗ್ಲೂ ಇವ್ರು ಕಣ್ಣಿಗೆ ಬೀಳಲ್ಲ. ಅಂಬಿಗರು, ಹರಿಕಾಂತರು, ಹಾಲಕ್ಕಿಗಳು, ಬೇರೆ ಬೇರೆ ಕೇರಿಯವ್ರು ಒಂದೇ ದಂಡೆಗೆ ಬರ್ತಾರೆ, ಹೊಳೆಯಲ್ಲಿ ಒಟ್ಟಿಗೆ ಬಗ್ತಾರೆ, ಮೇಲೆ ಬಂದ್ಮೇಲೆ ಕೇರಿ ಬೇರೆ ಬೇರೆ. ನಿಮ್ಮ ಆ್ಯಪಿಗೆ ಇದು ಕಾಣಲ್ಲ. ಇನ್ನೊಂದು, ಮಗಳ ಮದುವೆಗೆ ಕೈಗಡ ಕೊಟ್ಟವ್ನು ಅದೇ ದಲ್ಲಾಳಿ ಆಗಿದ್ರೆ ಅವ್ನನ್ನ ಬಿಟ್ಟು ಫೋನಿಗೆ ಮಾರು ಅಂದ್ರೆ ಹೇಗೆ ಮಾರ್ತಾಳೆ? ಎರಡೂವರೆ ಲಕ್ಷ ಆ ಕೈಗಡ ತೀರಿಸೋ ನಿಧಿ ಆದ್ರೆ, ಆ ನಿಧಿಯ ಪುಸ್ತಕ ಅವ್ರ ಕೈಯಲ್ಲೇ ಇದ್ರೆ, ನೀವು ಹನ್ನೊಂದು ಜನ ವರ್ಷಕ್ಕೊಮ್ಮೆ ಬಂದು ಲೆಕ್ಕ ಕೇಳೋದು ಮಾತ್ರ ಮಾಡಿದ್ರೆ? ಇದು ನನ್ನ ಊಹೆ ಅಷ್ಟೇ, ಅವ್ರು ಬೇಡ ಅಂದ್ರೆ ಬೇಡ.

ಇನ್ನು ಹೀಲಿಂಗ್. ಆ ಶಬ್ದ ನೋಡಿ ಮೊದ್ಲು ನಗು ಬಂತು, ಆಮೇಲೆ ಅಂಕೋಲಾದ ಬಡಿಗೇರಿಯ ಸುಕ್ರಜ್ಜಿ ನೆನಪಾಗಿ ನಗು ನಿಂತೋಯ್ತು. ಸುಕ್ರಿ ಬೊಮ್ಮಗೌಡ, ಹಾಲಕ್ಕಿ ಜನಪದ ಹಾಡುಗಾರ್ತಿ, 2017ರ ಪದ್ಮಶ್ರೀ, ಹೋದದ್ದು 2025ರಲ್ಲಿ. ಎಲ್ರಿಗೂ ಗೊತ್ತಿರೋದು ಅವ್ರ ಹಾಡು. ಸಾಕಿದ ಮಗ ಸಾರಾಯಿಗೆ ಬಲಿಯಾದ್ಮೇಲೆ ಆ ಅಜ್ಜಿ ಊರ ಹೆಂಗಸ್ರನ್ನ ಕಟ್ಕೊಂಡು ಸಾರಾಯಿ ವಿರುದ್ಧ ನಿಂತ್ರು, ಒಂದು ಕಡೆ ಹೋರಾಟ ಇನ್ನೊಂದು ಕಡೆ ಹಾಡು, ಎರಡೂ ಒಬ್ಬಳೇ ಹೆಂಗಸಿನದ್ದು. ಗಾಯ ಮಾಯೋದು ಅಂದ್ರೆ ಹಾಗೆ, ಗಾಯ ಮಾಡಿದ್ದನ್ನ ಹಾಗೇ ಬಿಟ್ಟು ಸುತ್ತ ಕೂತು ಉಸಿರಾಡಿದ್ರೆ ಆಗಲ್ಲ. ಸರ್ಕಲ್ ಬೇಡ ಅಂತಿಲ್ಲ ನಾನು, ಕೂತು ಮಾತಾಡೋದು ಒಳ್ಳೇದೇ, ಆದ್ರೆ ಅವ್ರು ದಿನಾ ಹೊಳೆಯಲ್ಲಿ ಮಾತಾಡ್ತಾನೇ ಇರ್ತಾರೆ, ಬಾಯಿ ಬಿಡಿಸೋಕೆ ಟ್ರೇನರ್ ಬೇಕಾಗಿಲ್ಲ. ಕಲ್ಲಿಗಂಟೋ ಕಲ್ವದ ಚೂಪು ಚಿಪ್ಪಿಗೆ ಕುಯ್ದ ಕಾಲು, ಬಗ್ಗಿ ಬಗ್ಗಿ ಹೋದ ಸೊಂಟ, ಅದನ್ನ ನೋಡೋಕೆ ವಾರಕ್ಕೊಬ್ಬ ನರ್ಸ್ ದಂಡೆಗೇ ಬಂದ್ರೆ ಅದೂ ಹೀಲಿಂಗೇ. ದೊಡ್ಡ ಕಾಯಿಲೆ ಅಂದ್ರೆ ಈಗ್ಲೂ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಅಂತ ಆಂಬುಲೆನ್ಸ್ ಹತ್ತೋ ಜಿಲ್ಲೆ ನಮ್ದು. 2022ರಲ್ಲಿ ಹೊನ್ನಾವರದಿಂದ ರೋಗಿನ ಕರ್ಕೊಂಡು ಹೊರಟ ಆಂಬುಲೆನ್ಸ್ ಶಿರೂರು ಟೋಲಲ್ಲಿ ಪಲ್ಟಿಯಾದ ವಿಡಿಯೋ ನೀವೂ ನೋಡಿರ್ತೀರಿ, ಆಸ್ಪತ್ರೆ ಬೇಕು ಅಂತ ಆಗ ಪೋಸ್ಟ್ ಹಾಕಿದವ್ರಲ್ಲಿ ನಿಮ್ಮ ಗುಂಪಿನವ್ರೂ ಇರಬಹುದು.

ಇಷ್ಟೆಲ್ಲ ಹೇಳಿ ನಿಮ್ಮ ಉತ್ಸಾಹಕ್ಕೆ ನೀರು ಎರಚಿದೆ ಅನ್ಕೋಬೇಡಿ, ಊರು ನೆನಪಿಟ್ಟು ಜೇಬಿಂದ ದುಡ್ಡು ತೆಗೆಯೋರು ಎಷ್ಟು ಜನ ಇದಾರೆ. ಹೀಗೆ ಮಾಡುವ, ಅಮಾಸೆ ಹುಣ್ಣಿಮೆ ಎದುರಿಗೆ ಇಳಿತ ಜೋರಿರ್ತದೆ, ಕೆಸರು ದೂರದವರೆಗೂ ತೆರೀತದೆ, ಆ ಹೊತ್ತಿಗೆ ರಜೆ ಹಾಕಿ ಇಬ್ಬರು ಮೂವರು ಬನ್ನಿ, ಹನ್ನೊಂದೂ ಜನ ಬೇಡ, ಮೆರವಣಿಗೆ ಆಗ್ತದೆ. ಕುಮಟಾ ಸ್ಟೇಷನ್ನಿಗೆ ನಾನೇ ಬರ್ತೇನೆ. ಲ್ಯಾಪ್‌ಟಾಪ್ ನಮ್ಮ ಆಫೀಸಲ್ಲಿಟ್ಟು ಹೋಗುವ. ಕಾಲಿಗೆ ಹಳೇ ಕ್ಯಾನ್ವಾಸ್ ಶೂ ಇದ್ರೆ ಹಾಕ್ಕೊಂಡು ಬನ್ನಿ, ಚಪ್ಪಲಿ ಕೆಸರಲ್ಲೇ ಉಳೀತದೆ, ಬರಿಗಾಲಿಗೆ ಕಲ್ವ ಕುಯ್ತದೆ.